ಘೋಷಿತ ಮೈಲೇಜ್ ಮತ್ತು ನನ್ನ ಲೆಕ್ಕದ ಪುಸ್ತಕ

ಕಾರು ಕೊಂಡವರಲ್ಲಿ ಬಹುತೇಕರು ಮೊದಲ ಕೆಲವು ತಿಂಗಳಲ್ಲೇ ಕಂಪನಿ ಹೇಳಿದ ಮೈಲೇಜ್ ಬರುತ್ತಿಲ್ಲ ಎಂಬ ತೀರ್ಮಾನಕ್ಕೆ ಬಂದಿರುತ್ತಾರೆ. ಎಷ್ಟು ಕಡಿಮೆ, ಯಾವ ಓಡಾಟದಲ್ಲಿ ಕಡಿಮೆ, ಆ ಕೊರತೆಯಲ್ಲಿ ರಸ್ತೆಯ ಪಾಲೆಷ್ಟು, ಚಾಲನೆಯ ಪಾಲೆಷ್ಟು, ಅಳತೆಯ ದೋಷದ ಪಾಲೆಷ್ಟು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ನನ್ನ ಪೆಟ್ರೋಲ್ ಕಾರಿನ ಮಟ್ಟಿಗಾದರೂ ಇದಕ್ಕೆ ಉತ್ತರ ಬೇಕೆನಿಸಿ, ಹಲವು ವರ್ಷಗಳಿಂದ ಪೆಟ್ರೋಲ್ ಹಾಕಿಸಿದಾಗಲೆಲ್ಲ ಲೆಕ್ಕ ಬರೆದಿಡುತ್ತ ಬಂದಿದ್ದೇನೆ. ಘೋಷಿತ ಅಂಕಿಗೂ ನಿಜವಾಗಿ ಸಿಗುವ ಅಂಕಿಗೂ ಇರುವ ಅಂತರವು ಹಲವು ಕಾರಣಗಳು ಕೂಡಿ ಆದ ಮೊತ್ತವೆಂದೂ, ಅದನ್ನು ಬಿಡಿಬಿಡಿಯಾಗಿ ನೋಡಿದಾಗಲಷ್ಟೇ ಅದು ಉಪಯೋಗಕ್ಕೆ ಬರುತ್ತದೆಂದೂ ಈ ಲೆಕ್ಕದಿಂದ ನನಗೆ ಮನವರಿಕೆಯಾಗಿದೆ.

ಮೊದಲು ಅಳತೆಯ ಕ್ರಮವನ್ನು ಹೇಳಬೇಕು, ಏಕೆಂದರೆ ಅಳತೆಯೇ ಸಡಿಲವಾಗಿದ್ದರೆ ಮುಂದಿನ ಮಾತುಗಳಿಗೆ ಬೆಲೆಯಿಲ್ಲ. ನಾನು ಅನುಸರಿಸುವುದು ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಹಾಕುವ ಹಳೆಯ ವಿಧಾನವನ್ನೇ. ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಕಾಲುಭಾಗಕ್ಕೆ ಇಳಿಯುವವರೆಗೆ ಓಡಿಸಿ, ಮತ್ತೆ ಫುಲ್ ಮಾಡಿಸಿದಾಗ ಹಿಡಿದ ಲೀಟರಿನಿಂದ ಓಡಿದ ದೂರವನ್ನು ಭಾಗಿಸುವುದು. ಇದರಲ್ಲಿ ಎಚ್ಚರ ವಹಿಸಬೇಕಾದ ಜಾಗ ಟ್ಯಾಂಕ್ ತುಂಬುವ ಹಂತ. ನಾಝಲ್ ತಾನಾಗಿ ಕಟ್ ಆದ ಕ್ಷಣದಲ್ಲೇ ನಿಲ್ಲಿಸಬೇಕು, ಮೊತ್ತ ದುಂಡಾಗಲೆಂದು ಮೇಲೆ ಸ್ವಲ್ಪ ಹಾಕಿಸಬಾರದು. ನೆಲದ ಇಳಿಜಾರು ಬದಲಾದರೆ ಕಟ್ ಆಗುವ ಮಟ್ಟವೂ ಬದಲಾಗುವುದರಿಂದ ಸಾಧ್ಯವಾದಷ್ಟೂ ಅದೇ ಬಂಕ್, ಅದೇ ಪಂಪ್, ಕಾರು ನಿಲ್ಲಿಸುವ ಅದೇ ದಿಕ್ಕನ್ನು ಉಳಿಸಿಕೊಳ್ಳುತ್ತೇನೆ. ಇಷ್ಟೆಲ್ಲ ಮಾಡಿದರೂ ಅರ್ಧ ಲೀಟರಿನಷ್ಟು ಹೆಚ್ಚುಕಡಿಮೆ ಉಳಿದೇ ಉಳಿಯುತ್ತದೆ.

ಆ ಅರ್ಧ ಲೀಟರ್ ಎಷ್ಟು ಮುಖ್ಯವೆಂಬುದಕ್ಕೆ ಪುಸ್ತಕದ ಒಂದು ಸಾಲನ್ನೇ ತೆಗೆದುಕೊಳ್ಳುತ್ತೇನೆ. 561 ಕಿ.ಮೀ., 36.4 ಲೀಟರ್, ಭಾಗಿಸಿದರೆ ಲೀಟರಿಗೆ 15.4 ಕಿ.ಮೀ. ಅರ್ಧ ಲೀಟರ್ ಆಚೀಚೆ ಆಗಿದ್ದರೆ ನಿಜವಾದ ಅಂಕಿ 15.2ರಿಂದ 15.6ರ ನಡುವೆ ಎಲ್ಲಿಯಾದರೂ ಇರಬಹುದು. ಹೀಗಿರುವಾಗ 15.41 ಎಂದು ಬರೆದುಕೊಳ್ಳುವುದಕ್ಕೆ ಅರ್ಥವಿಲ್ಲ. ಹತ್ತು ಲೀಟರ್ ಮಾತ್ರ ಹಾಕಿಸಿ ಲೆಕ್ಕ ಮಾಡಿದ್ದರೆ ಅದೇ ಅರ್ಧ ಲೀಟರ್ ಶೇ. 5ರಷ್ಟು ತಪ್ಪು ತರುತ್ತಿತ್ತು. ಒಂದು ಸಲ ಹೆಚ್ಚಾಗಿ ತುಂಬಿದ್ದು ಮುಂದಿನ ಸಲ ಕಡಿಮೆಯಾಗಿ ಸರಿದೂಗುವುದರಿಂದ, ಲೆಕ್ಕ ಉದ್ದವಾದಷ್ಟೂ ಈ ದೋಷ ಕರಗುತ್ತ ಹೋಗುತ್ತದೆ. ಬಿಡಿ ಸಾಲಿಗಿಂತ ನಾಲ್ಕೈದು ಸಾಲುಗಳ ಒಟ್ಟು ಮೊತ್ತವನ್ನು ನಾನು ನಂಬುವುದು ಇದೇ ಕಾರಣಕ್ಕೆ.

ಒಟ್ಟು ಮೊತ್ತ ಎಂದರೆ ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸುವುದೇ ಹೊರತು ಮೈಲೇಜ್ ಅಂಕಿಗಳ ಸರಾಸರಿ ತೆಗೆಯುವುದಲ್ಲ. 200 ಕಿ.ಮೀ. ಊರೊಳಗೆ ಲೀಟರಿಗೆ 10ರಂತೆ, ಇನ್ನೊಂದು 200 ಕಿ.ಮೀ. ಹೆದ್ದಾರಿಯಲ್ಲಿ 20ರಂತೆ ಓಡಿಸಿದರೆ ಸರಾಸರಿ 15 ಎಂದು ಹೇಳಿಬಿಡುವುದು ಸುಲಭ. ಆದರೆ ಖರ್ಚಾಗಿದ್ದು 20 ಮತ್ತು 10, ಒಟ್ಟು 30 ಲೀಟರ್, ಬಂದ ಮೈಲೇಜ್ 13.3. ಹೀಗಾಗಿ ನಾನು ಪುಸ್ತಕದಲ್ಲಿ 100 ಕಿ.ಮೀ.ಗೆ ಎಷ್ಟು ಲೀಟರ್ ಎಂಬ ಕಂಬವನ್ನೂ ಇಟ್ಟಿದ್ದೇನೆ. ಆ ರೂಪದಲ್ಲಿ ಬಳಕೆಯ ಪಾಲುಗಳನ್ನು ನೇರವಾಗಿ ಕೂಡಿಸಿ ಕಳೆಯಬಹುದು. ಲೀಟರಿಗೆ 10 ಕೊಡುವ ಕಾರು 12ಕ್ಕೆ ಏರಿದರೆ 100 ಕಿ.ಮೀ.ಗೆ ಉಳಿಯುವುದು ಸುಮಾರು 1.7 ಲೀಟರ್, 20 ಕೊಡುವ ಕಾರು 22ಕ್ಕೆ ಏರಿದರೆ ಅರ್ಧ ಲೀಟರೂ ಉಳಿಯುವುದಿಲ್ಲ ಎಂಬುದು ಕೂಡ ಈ ಕಂಬದಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ.

ಲೀಟರಿನಷ್ಟೇ ದೂರವನ್ನೂ ಪರೀಕ್ಷಿಸಬೇಕು. ಓಡೋಮೀಟರ್ ಲೆಕ್ಕವಿಡುವುದು ಚಕ್ರ ಸುತ್ತಿದ್ದನ್ನು. ಸುಮಾರು 300 ಮಿ.ಮೀ. ತ್ರಿಜ್ಯದ ಟೈರು ತನ್ನ ಆಯುಷ್ಯದಲ್ಲಿ 6 ಮಿ.ಮೀ. ಸವೆದರೆ ಸುತ್ತಳತೆ ಶೇ. 2ರಷ್ಟು ಕುಗ್ಗುತ್ತದೆ, ಅದೇ ರಸ್ತೆಗೆ ಓಡೋಮೀಟರ್ ಶೇ. 2ರಷ್ಟು ಹೆಚ್ಚು ದೂರ ತೋರಿಸುತ್ತದೆ, ಮೈಲೇಜ್ ಸುಳ್ಳಾಗಿ ಏರಿದಂತೆ ಕಾಣುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನೂ ಜಿಪಿಎಸ್ ದೂರವನ್ನೂ ಹೋಲಿಸಿ ನೋಡಿದಾಗ ನನ್ನ ಕಾರಿನ ಓಡೋಮೀಟರ್ 100 ಕಿ.ಮೀ.ಗೆ ಸುಮಾರು ಒಂದೂವರೆ ಕಿ.ಮೀ. ಹೆಚ್ಚು ತೋರಿಸುತ್ತಿತ್ತು; ಅಷ್ಟನ್ನು ಕಳೆದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಮೈಲೇಜ್, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ತೆರೆದಿದ್ದ ಅವಧಿಯಿಂದ ಎಂಜಿನ್ ಕಂಪ್ಯೂಟರ್ ಮಾಡುವ ಅಂದಾಜು. ನನ್ನ ಕಾರಿನಲ್ಲಿ ಅದು ಟ್ಯಾಂಕ್ ಲೆಕ್ಕಕ್ಕಿಂತ ಶೇ. 5ರಷ್ಟು ಹೆಚ್ಚು ಹೇಳುತ್ತದೆ. ಆದರೂ ಅದು ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ತಪ್ಪುವುದರಿಂದ, ಎರಡು ಓಟಗಳನ್ನು ಒಂದಕ್ಕೊಂದು ಹೋಲಿಸಲು ಧಾರಾಳವಾಗಿ ಬಳಸಬಹುದು.

ಇನ್ನು ಘೋಷಿತ ಅಂಕಿ ಹುಟ್ಟುವ ಬಗೆ. ಕಾರನ್ನು ಪ್ರಯೋಗಾಲಯದಲ್ಲಿ ರೋಲರ್‌ಗಳ ಮೇಲೆ ನಿಲ್ಲಿಸಿ, ನಿಗದಿಯಾದ ವೇಗದ ನಕ್ಷೆಯನ್ನು ಸೆಕೆಂಡು ಸೆಕೆಂಡಿಗೆ ಅನುಸರಿಸುತ್ತ ಓಡಿಸುತ್ತಾರೆ. ಖರ್ಚಾದ ಇಂಧನವನ್ನು ಹೊಗೆಯಲ್ಲಿ ಹೊರಬಿದ್ದ ಇಂಗಾಲದ ಲೆಕ್ಕದಿಂದ ಕಂಡುಹಿಡಿಯುತ್ತಾರೆ. ರೋಲರ್ ಎಷ್ಟು ಪ್ರತಿರೋಧ ಒಡ್ಡಬೇಕೆಂಬುದನ್ನು ತಿಳಿಯಲು ಕಾರನ್ನು ಮೊದಲೇ ಪರೀಕ್ಷಾ ರಸ್ತೆಯಲ್ಲಿ ವೇಗಕ್ಕೆ ಏರಿಸಿ, ನ್ಯೂಟ್ರಲ್‌ಗೆ ಹಾಕಿ, ತಾನಾಗಿ ನಿಧಾನವಾಗಲು ಬಿಟ್ಟು, ಗಾಳಿ ಮತ್ತು ಟೈರುಗಳ ಒಟ್ಟು ತಡೆಯನ್ನು ಅಳೆದಿರುತ್ತಾರೆ. ಇಡೀ ಪರೀಕ್ಷೆಯ ತಳಹದಿ ಈ ಅಳತೆಯೇ. 2012ರ ನವೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ತಪಾಸಣೆಯ ನಂತರ ಹ್ಯುಂಡೈ ಮತ್ತು ಕಿಯಾ ಸುಮಾರು 9 ಲಕ್ಷ ವಾಹನಗಳ ಘೋಷಿತ ಮೈಲೇಜನ್ನು ಇಳಿಸಬೇಕಾಗಿ ಬಂದದ್ದು ಇದೇ ಅಳತೆಯಲ್ಲಿದ್ದ ದೋಷದಿಂದ.

ನನ್ನ ಕಾರಿನ ಅಂಕಿ ಬಂದದ್ದು ಯುರೋಪಿನ ಹಳೆಯ ಎನ್‌ಇಡಿಸಿ ಮಾದರಿಯ ಪರೀಕ್ಷೆಯಿಂದ. ಆ ಪರೀಕ್ಷೆ 1180 ಸೆಕೆಂಡುಗಳದು, ದೂರ ಸುಮಾರು 11 ಕಿ.ಮೀ., ಸರಾಸರಿ ವೇಗ ಗಂಟೆಗೆ 34 ಕಿ.ಮೀ.ಗೂ ಕಡಿಮೆ. ಸೊನ್ನೆಯಿಂದ 50ಕ್ಕೆ ಏರಲು ಅದರಲ್ಲಿ 26 ಸೆಕೆಂಡು ಕೊಟ್ಟಿದ್ದಾರೆ. ನಿಜವಾದ ರಸ್ತೆಯಲ್ಲಿ ಅಷ್ಟು ನಿಧಾನವಾಗಿ ವೇಗ ಏರಿಸಿದರೆ ಹಿಂದಿನ ವಾಹನಗಳು ಸುಮ್ಮನಿರುವುದಿಲ್ಲ. ಭಾರತದ ಎಂಐಡಿಸಿ ಇದರದೇ ಮಾರ್ಪಾಡು, ಗರಿಷ್ಠ ವೇಗವನ್ನು 120ರಿಂದ 90ಕ್ಕೆ ಇಳಿಸಲಾಗಿದೆ. ಯುರೋಪಿನಲ್ಲಿ 2017ರ ಸೆಪ್ಟೆಂಬರಿನಿಂದ ಹೊಸ ಮಾದರಿಗಳಿಗೆ, ಮರುವರ್ಷದಿಂದ ಎಲ್ಲ ಹೊಸ ಕಾರುಗಳಿಗೆ ಡಬ್ಲ್ಯುಎಲ್‌ಟಿಪಿ ಎಂಬ ಹೊಸ ಪರೀಕ್ಷೆ ಜಾರಿಗೆ ಬಂತು: 30 ನಿಮಿಷ, 23 ಕಿ.ಮೀ., ಗರಿಷ್ಠ ವೇಗ 131. ಇದು ಹೆಚ್ಚು ಪ್ರಾಮಾಣಿಕವಾದ ಪರೀಕ್ಷೆಯೆಂಬುದರಲ್ಲಿ ನನಗೆ ಸಂಶಯವಿಲ್ಲ, ಆದರೆ ಇದರಲ್ಲಿಯೂ ಎ.ಸಿ. ಆಫ್ ಆಗಿರುತ್ತದೆ. ಎ.ಸಿ., ಚಳಿ ಮತ್ತು ಹೆಚ್ಚಿನ ವೇಗ ಈ ಮೂರಕ್ಕೂ ಪ್ರತ್ಯೇಕ ಓಟಗಳನ್ನು ಸೇರಿಸಿಕೊಂಡದ್ದು ಅಮೆರಿಕದ ಪದ್ಧತಿ, 2008ರ ಮಾದರಿಗಳಿಂದ. ಅಲ್ಲಿನ ಅಂಕಿಗಳು ರಸ್ತೆಗೆ ಹತ್ತಿರವಾಗಿರಲು ಇದೇ ಮುಖ್ಯ ಕಾರಣ.

ನನ್ನ ಕಾರಿನ ಘೋಷಿತ ಅಂಕಿ ಲೀಟರಿಗೆ 20 ಕಿ.ಮೀ., ಅಂದರೆ 100 ಕಿ.ಮೀ.ಗೆ 5 ಲೀಟರ್. ಓಡೋಮೀಟರಿನ ತಪ್ಪನ್ನು ಕಳೆದ ಮೇಲೆ ನನ್ನ ದೀರ್ಘಾವಧಿಯ ಲೆಕ್ಕ 100 ಕಿ.ಮೀ.ಗೆ ಸುಮಾರು 6.5 ಲೀಟರ್. ಈ ಒಂದೂವರೆ ಲೀಟರ್ ಎಲ್ಲಿಂದ ಬಂತೆಂದು ಹುಡುಕುವಾಗ ನನಗೆ ಸಿಕ್ಕ ದೊಡ್ಡ ಕಾರಣ ಹೆದ್ದಾರಿಯ ವೇಗವಲ್ಲ, ಸಣ್ಣ ದೂರದ ಓಡಾಟ. ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಓಡಿಸಿದ ಮೊದಲ ಎರಡು ಕಿ.ಮೀ.ಗಳಲ್ಲಿ, ಅದೇ ರಸ್ತೆಯಲ್ಲಿ ಬಿಸಿ ಎಂಜಿನ್ ಕುಡಿಯುವುದರ ಒಂದೂವರೆ ಪಟ್ಟು ಪೆಟ್ರೋಲ್ ಹೋಗುವುದನ್ನು ಪರದೆಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಮಿಶ್ರಣದಲ್ಲಿ ಪೆಟ್ರೋಲ್ ಅಂಶ ಹೆಚ್ಚಿರುತ್ತದೆ, ಆಯಿಲ್ ಮಂದವಾಗಿರುತ್ತದೆ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಬೇಗ ಬಿಸಿ ಮಾಡಲು ಎಂಜಿನ್ ಬೇಕೆಂದೇ ಕಿಡಿಯನ್ನು ತಡವಾಗಿ ಕೊಡುತ್ತದೆ. ಪ್ರಯೋಗಾಲಯದ ಪರೀಕ್ಷೆಯೂ ತಣ್ಣನೆಯ ಎಂಜಿನ್‌ನಿಂದಲೇ ಆರಂಭವಾಗುತ್ತದೆ ನಿಜ. ಆದರೆ ಅಲ್ಲಿ ಆ ನಷ್ಟ 11 ಅಥವಾ 23 ಕಿ.ಮೀ.ಗಳಿಗೆ ಹಂಚಿಹೋಗುತ್ತದೆ, ಮೂರು ಕಿ.ಮೀ. ಹೋಗಿ ಕಾರು ನಿಲ್ಲಿಸುವವನಿಗೆ ಅದೇ ನಷ್ಟ ಮೂರೇ ಕಿ.ಮೀ.ಗಳ ಮೇಲೆ ಬೀಳುತ್ತದೆ. ನನ್ನ ಅಂದಾಜಿನಲ್ಲಿ ನನ್ನ ಅಂತರದ ಅರ್ಧಪಾಲು ಇದರದೇ. ಚದುರಿದ ಸಣ್ಣ ಕೆಲಸಗಳನ್ನೆಲ್ಲ ಒಂದೇ ಸುತ್ತಿನಲ್ಲಿ ಮುಗಿಸುವ ಅಭ್ಯಾಸ ಬೆಳೆಸಿಕೊಂಡ ಮೇಲೆ, ಚಾಲನೆಯ ಶೈಲಿಯನ್ನು ತಿದ್ದಿಕೊಂಡಾಗ ಆದದ್ದಕ್ಕಿಂತ ಹೆಚ್ಚಿನ ವ್ಯತ್ಯಾಸ ಲೆಕ್ಕದಲ್ಲಿ ಕಂಡಿತು.

ಎ.ಸಿ.ಯದು ಎರಡನೆಯ ಸ್ಥಾನ. ಇದನ್ನು ಅಳೆಯುವಾಗ ಗಮನಿಸಬೇಕಾದದ್ದೆಂದರೆ, ಕಂಪ್ರೆಸರ್ ಪೆಟ್ರೋಲ್ ಕುಡಿಯುವುದು ಗಂಟೆಯ ಲೆಕ್ಕದಲ್ಲಿ, ಕಿಲೋಮೀಟರಿನ ಲೆಕ್ಕದಲ್ಲಲ್ಲ. ಗಂಟೆಗೆ ಅರ್ಧ ಲೀಟರ್ ಎಂದು ಹಿಡಿದರೆ, ಗಂಟೆಗೆ 20 ಕಿ.ಮೀ. ಸಾಗುವ ದಟ್ಟಣೆಯಲ್ಲಿ ಅದು 100 ಕಿ.ಮೀ.ಗೆ 2.5 ಲೀಟರ್ ಆಗುತ್ತದೆ, 80ರ ವೇಗದಲ್ಲಿ 0.6 ಲೀಟರ್ ಮಾತ್ರ. ಎ.ಸಿ.ಯಿಂದ ಮೈಲೇಜ್ ತೀರ ಕುಸಿಯುತ್ತದೆ ಎನ್ನುವವರೂ ಏನೂ ಆಗುವುದಿಲ್ಲ ಎನ್ನುವವರೂ ಬಹುಶಃ ತಮ್ಮ ತಮ್ಮ ರಸ್ತೆಯ ಮಟ್ಟಿಗೆ ಸರಿಯಾಗಿಯೇ ಹೇಳುತ್ತಿದ್ದಾರೆ.

ವೇಗದ ಪರಿಣಾಮವನ್ನು ತಿಳಿಯಲು ಸಮತಟ್ಟಾದ, ವಾಹನ ವಿರಳವಾದ ಹೆದ್ದಾರಿಯ ಒಂದೇ ತುಂಡಿನಲ್ಲಿ, ಗಾಳಿ ಮತ್ತು ಏರಿಳಿತದ ಪ್ರಭಾವ ರದ್ದಾಗುವಂತೆ ಹೋಗುವಾಗಲೂ ಬರುವಾಗಲೂ ಸ್ಥಿರ ವೇಗದಲ್ಲಿ ಓಡಿಸಿ ನೋಡಿದೆ. ಎಂಜಿನ್ ಪೂರ್ತಿ ಬಿಸಿಯಾಗಿತ್ತು, ಎ.ಸಿ. ಆಫ್ ಆಗಿತ್ತು. ಪರದೆಯ ಅಂಕಿಯನ್ನು ಟ್ಯಾಂಕ್ ಲೆಕ್ಕಕ್ಕೆ ಹೊಂದಿಸಿದ ಮೇಲೆ 80ರಲ್ಲಿ ಸುಮಾರು 4.7, 100ರಲ್ಲಿ 5.5, 120ರಲ್ಲಿ 6.8 ಲೀಟರ್ ಬಂತು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 80ಕ್ಕಿಂತ 120ರಲ್ಲಿ ಅದು 2.25 ಪಟ್ಟಾಗುತ್ತದೆ, ಬಳಕೆ ಅಷ್ಟು ಏರದಿರಲು ಕಾರಣ, ಟೈರಿನ ಉರುಳು ತಡೆ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ ಮತ್ತು ಹೆಚ್ಚಿನ ಹೊರೆಯಲ್ಲಿ ಪೆಟ್ರೋಲ್ ಎಂಜಿನ್ನಿನ ದಕ್ಷತೆ ಉತ್ತಮಗೊಳ್ಳುತ್ತದೆ. 80ರ ಸುಮಾರಿನಲ್ಲಿ ಸಾಗಿದರೆ ಘೋಷಿತ ಅಂಕಿಯನ್ನೂ ಮೀರಬಹುದೆಂಬುದು ಇಲ್ಲಿ ಸ್ಪಷ್ಟವಾಗಿದೆ.

ಟೈರಿನ ಗಾಳಿ, ಬೂಟಿನಲ್ಲಿ ಉಳಿದುಹೋದ ಸಾಮಾನು, ಮೇಲಿನ ಕ್ಯಾರಿಯರ್, ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ. ಇಂಧನದಲ್ಲಿರುವ ಎಥೆನಾಲ್ ಮಾತ್ರ ಅನೇಕರ ಲೆಕ್ಕದಿಂದ ತಪ್ಪಿಹೋಗುತ್ತದೆ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನದರ ಸುಮಾರು ಮೂರನೇ ಎರಡರಷ್ಟು. ಹೀಗಾಗಿ ಶೇ. 10ರ ಮಿಶ್ರಣದಲ್ಲಿ ಲೀಟರಿಗೆ ಶೇ. 3ರಷ್ಟು, ಶೇ. 20ರ ಮಿಶ್ರಣದಲ್ಲಿ ಶೇ. 6ರಿಂದ 7ರಷ್ಟು ಶಕ್ತಿ ಕಡಿಮೆಯಿರುತ್ತದೆ. ಇಂಧನ ಬದಲಾದ ದಿನವನ್ನು ಗುರುತಿಸಿಕೊಳ್ಳದವರು ಆ ಇಳಿಕೆಯನ್ನು ಕಾರಿನ ತಲೆಗೆ ಕಟ್ಟುತ್ತಾರೆ.

ನನ್ನ ಅಂತರ ನನ್ನೊಬ್ಬನದಲ್ಲ. ಯುರೋಪಿನಲ್ಲಿ ಘೋಷಿತ ಅಂಕಿಗೂ ರಸ್ತೆಯ ಬಳಕೆಗೂ ನಡುವಿನ ಅಂತರ 2001ರ ಸುಮಾರಿಗೆ ಶೇ. 10ರ ಒಳಗಿದ್ದದ್ದು 2015ರ ಹೊತ್ತಿಗೆ ಶೇ. 40ರ ಆಸುಪಾಸಿಗೆ ಬೆಳೆದಿತ್ತೆಂದು ಸ್ವಚ್ಛ ಸಾರಿಗೆಯ ಬಗ್ಗೆ ಸಂಶೋಧನೆ ಮಾಡುವ ಐಸಿಸಿಟಿ ಸಂಸ್ಥೆ ತನ್ನ ಸರಣಿ ವರದಿಗಳಲ್ಲಿ ತೋರಿಸಿತು. ಪರೀಕ್ಷೆಯ ಸಡಿಲುಗಳನ್ನು ಬಳಸಿಕೊಳ್ಳುವ ಜಾಣ್ಮೆ ಬೆಳೆದದ್ದು ಇದರ ದೊಡ್ಡ ಕಾರಣವೆಂದೇ ನಾನು ತಿಳಿಯುತ್ತೇನೆ. 2021ರಿಂದ ಅಲ್ಲಿನ ಹೊಸ ಕಾರುಗಳಲ್ಲಿ ಇಂಧನ ಬಳಕೆಯನ್ನು ದಾಖಲಿಸುವ ವ್ಯವಸ್ಥೆ ಕಡ್ಡಾಯವಾಯಿತು. ಆ ದಾಖಲೆಗಳನ್ನು ಆಧರಿಸಿ ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹೊಸ ಪರೀಕ್ಷೆಯ ಅಂಕಿಗಿಂತಲೂ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ನಿಜ ಬಳಕೆ ಸುಮಾರು ಶೇ. 20ರಷ್ಟು ಹೆಚ್ಚು, ಎಂಜಿನ್ನಿನ ಜೊತೆಗೆ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಪ್ಲಗ್-ಇನ್ ಹೈಬ್ರಿಡ್‌ಗಳದು ಸರಾಸರಿ ಮೂರೂವರೆ ಪಟ್ಟು, ಏಕೆಂದರೆ ಪರೀಕ್ಷೆ ಊಹಿಸಿದಷ್ಟು ಸಲ ಜನ ಅವನ್ನು ಚಾರ್ಜ್ ಮಾಡುತ್ತಿಲ್ಲ.

ಈಗ ನಾನು ಘೋಷಿತ ಅಂಕಿಯನ್ನು ಬಳಸುವುದು ಒಂದೇ ಪರೀಕ್ಷೆಯಲ್ಲಿ ಅಳೆದ ಎರಡು ಕಾರುಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಮಾತ್ರ; ಖರ್ಚಿನ ಅಂದಾಜಿಗೆ ನನ್ನ ಪುಸ್ತಕವೇ ಆಧಾರ. ಪುಸ್ತಕದಿಂದ ಇನ್ನೊಂದು ಪ್ರಯೋಜನವೂ ಆಯಿತು. ಒಂದು ಹಂತದಲ್ಲಿ ಓಡಾಟ, ಹವೆ, ಟೈರಿನ ಗಾಳಿ ಯಾವುದೂ ಬದಲಾಗದೆ ಬಳಕೆ 100 ಕಿ.ಮೀ.ಗೆ ಅರ್ಧ ಲೀಟರಿಗೂ ಮಿಗಿಲಾಗಿ ಏರಿ ಅಲ್ಲೇ ನಿಂತಿತು. ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹೊತ್ತಿರಲಿಲ್ಲ. ಹೆದ್ದಾರಿಯಲ್ಲಿ ತಾಪಮಾನದ ಮುಳ್ಳು ಮೊದಲಿಗಿಂತ ಕೆಳಗೆ ನಿಲ್ಲುತ್ತಿರುವುದನ್ನು ಗಮನಿಸಿ, ಬರೆದಿಟ್ಟ ಅಂಕಿಗಳ ಸಮೇತ ಮೆಕ್ಯಾನಿಕ್‌ಗೆ ತೋರಿಸಿದೆ. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಹರಿಯದಂತೆ ತಡೆಯುವ ಕವಾಟವಾದ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿತ್ತು. ಎಂಜಿನ್ ಎಷ್ಟು ದೂರ ಓಡಿದರೂ ಪೂರ್ತಿ ಬಿಸಿಯಾಗುತ್ತಿರಲಿಲ್ಲ. ಅದನ್ನು ಬದಲಿಸಿದ ನಂತರ ಬಳಕೆ ಮೊದಲಿನ ಮಟ್ಟಕ್ಕೆ ಇಳಿಯಿತು.