ಹಳೆಯ ಅರಮನೆಯ ಅಂಗಳದಲ್ಲಿ ಹೂವಿಗೆ ರಾತ್ರಿ ಬೆಳಕು: ನನ್ನ ಅನುಭವ

ಫಲಪುಷ್ಪ ಪ್ರದರ್ಶನಗಳಿಗೆ ದೀಪ ಹಾಕುವವರಲ್ಲಿ ಹೆಚ್ಚಿನವರು ಶಾಮಿಯಾನದ ಕೆಲಸದಿಂದ ಬಂದವರು; ನಾನು ನಾಟಕದ ಬೆಳಕಿನಿಂದ ಬಂದವನು. ಮೈಸೂರು ಸೀಮೆಯ ಒಂದು ಹಳೆಯ ಅರಮನೆಯ ಅಂಗಳದಲ್ಲಿ ಚಳಿಗಾಲದ ಹೂಪ್ರದರ್ಶನವನ್ನು ರಾತ್ರಿ ಒಂಬತ್ತೂವರೆಯವರೆಗೂ ತೆರೆದಿಡಬೇಕೆಂಬ ಮಾತು ಬಂದಾಗ, ಅಲ್ಲಿಯವರೆಗೆ ಸುಮಾರು ನಲವತ್ತು ಕಿಲೋವಾಟ್ ಉರಿಸಿ ಮಾಡುತ್ತಿದ್ದ ಕೆಲಸವನ್ನು ಮೂರು ಕಿಲೋವಾಟ್‌ನೊಳಗೆ ಮುಗಿಸುತ್ತೇನೆ ಎಂದೆ. ಪ್ರದರ್ಶನ ಸಮಿತಿಯ ಸಭೆಯಲ್ಲಿ ಯಾರೂ ನಂಬಲಿಲ್ಲ. ಸೀರಿಯಲ್ ಸೆಟ್ ಇಲ್ಲದ ಹಬ್ಬಕ್ಕೆ ಜನ ಬರುವುದಿಲ್ಲ ಎಂದು ಗುತ್ತಿಗೆದಾರರೊಬ್ಬರು ಹೇಳಿದರೆ, ತೋಟದ ಮೇಸ್ತ್ರಿ, "ಸ್ವಾಮಿ, ಇವ್ರು ದೀಪ ನೋಡೋಕೆ ಬರೋ ಜನ, ಹೂ ನೋಡೋಕಲ್ಲ" ಎಂದರು. ಎರಡು ಋತುಗಳು ಕಳೆದ ಮೇಲೆ ಅದೇ ಮೇಸ್ತ್ರಿ ಬೇರೆ ಊರಿನ ಮಾಲಿಗಳನ್ನು ಕರೆತಂದು ನನ್ನ ಸಾಲುಗಳನ್ನು ತೋರಿಸುತ್ತಿದ್ದಾರೆ. ಆದ್ದರಿಂದ ಇದನ್ನು ಬರೆದಿಡಬಹುದು ಎನಿಸಿತು.

ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳನ್ನು ನೋಡಿ ಬೆಳೆದ ನಮಗೆ, ಪಾರಂಪರಿಕ ಕಟ್ಟಡವೆಂದರೆ ಅದರ ಅಂಚುಗಳಲ್ಲೆಲ್ಲ ದೀಪ ಇರಬೇಕು ಎನಿಸುವುದು ಸಹಜ. ಆ ಬೆಳಕು ಕಟ್ಟಡಕ್ಕಾಗಿ ಯೋಚಿಸಿದ್ದು, ಅಲ್ಲಿ ಅದು ಸರಿ. ಆದರೆ ಹಿಂದಿನ ಗೋಡೆ ಹಾಗೆ ಹೊಳೆಯುತ್ತಿದ್ದರೆ ಅದರ ಮುಂದಿನ ಹೂವಿನ ಮಡಿ ಎಷ್ಟೇ ದೀಪ ಹಾಕಿದರೂ ಮಂಕಾಗಿಯೇ ಕಾಣುತ್ತದೆ, ಏಕೆಂದರೆ ಕಣ್ಣು ಹೊಂದಿಕೊಳ್ಳುವುದು ಎದುರಿಗಿರುವ ಅತ್ಯಂತ ಪ್ರಕಾಶಮಾನವಾದ ವಸ್ತುವಿಗೆ. ಆದ್ದರಿಂದ ನನ್ನ ಮೊದಲ ಕೆಲಸ ದೀಪ ಹಚ್ಚುವುದಾಗಿರಲಿಲ್ಲ, ಆರಿಸುವುದಾಗಿತ್ತು. ಪ್ರವೇಶದ ಹಾದಿಯನ್ನು ಕಾಲಿಗೆ ನೆಲ ಕಾಣುವಷ್ಟಕ್ಕೆ ಇಳಿಸಿದೆ. ಗಾರೆ ಗೋಡೆಗೆ (ಕೆಲ್ವಿನ್ ಎಂದರೆ ಬೆಳಕಿನ ಛಾಯೆಯ ಅಳತೆ, ಅಂಕ ಇಳಿದಷ್ಟೂ ಹಳದಿ) 2700 ಕೆಲ್ವಿನ್‌ನ ತೆಳುವಾದ ಬೆಳಕನ್ನು ಮಾತ್ರ, ಹೂವಿನ ಮೇಲೆ ಬೀಳುವುದರ ಮೂರನೆಯ ಒಂದು ಪಾಲಿನಷ್ಟು, ಬಿಟ್ಟೆ. ಆ ಹಾದಿಯಲ್ಲಿ ಒಂದೆರಡು ನಿಮಿಷ ನಡೆದು ಬಂದವರಿಗೆ 30 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬಿದ್ದ ಮಡಿ ಕೂಡ ತುಂಬಿದಂತೆ ಕಾಣುತ್ತದೆ.

ಇದರಲ್ಲಿ ಒಂದು ಅಪಾಯವಿದೆ. ಬೆಳಕು ತೀರ ಇಳಿದರೆ ನಮ್ಮ ಕಣ್ಣಿಗೆ ಮೊದಲು ಸಾಯುವುದು ಕೆಂಪು; ನೀಲಿ ಮತ್ತು ಬಿಳಿ ಉಳಿದುಕೊಳ್ಳುತ್ತವೆ. ಐದಾರು ಲಕ್ಸ್‌ನಲ್ಲಿ ಆಸ್ಟರ್ ಚೆನ್ನಾಗಿ ಕಾಣುತ್ತಿದ್ದ ಸಂಜೆ, ಪಕ್ಕದಲ್ಲೇ ಇದ್ದ ಸಾಲ್ವಿಯಾ ಮತ್ತು ಕೋಳಿಜುಟ್ಟು ಕರಿ ಮುದ್ದೆಯಂತೆ ನಿಂತಿದ್ದವು. ವಾಟ್ ಹೆಚ್ಚಿಸಿದರೂ ಬಣ್ಣ ಬರಲಿಲ್ಲ, ಕಂದು ಬಂತು. ಕಾರಣ ದೀಪದಲ್ಲೇ ಇತ್ತು: ಡಬ್ಬಿಯ ಮೇಲೆ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಂಕ) 80 ಎಂದು ಬರೆದಿರುವ ಎಲ್‌ಇಡಿಯಲ್ಲಿ ಗಾಢ ಕೆಂಪನ್ನು ಅಳೆಯುವ ಆರ್9 ಸೊನ್ನೆಯ ಆಸುಪಾಸಿನಲ್ಲಿರಬಹುದು, ಏಕೆಂದರೆ ಆ 80ರ ಲೆಕ್ಕದಲ್ಲಿ ಆರ್9 ಸೇರುವುದೇ ಇಲ್ಲ. ಅಂಗಡಿಯವರನ್ನು ಆರ್9 ಎಷ್ಟು ಎಂದು ಕೇಳಿದರೆ ಬಹಳ ಕಡೆ ಉತ್ತರ ಸಿಗಲಿಲ್ಲ. ಕೊನೆಗೆ ಒಂದು ಕೆಂಪು ಕೋಳಿಜುಟ್ಟಿನ ಕುಂಡವನ್ನೇ ಅಂಗಡಿಗೆ ಹೊತ್ತೊಯ್ದು ದೀಪದ ಕೆಳಗೆ ಇಟ್ಟು ನೋಡಿ ದೀಪವನ್ನು ಆಯ್ದುಕೊಂಡೆ. ಸಿಆರ್‌ಐ 95ರ ದೀಪಕ್ಕೆ ಒಂದಕ್ಕೆ ಸಾವಿರದ ಆಸುಪಾಸು ಆಯಿತು. ಸಾಧಾರಣ ದೀಪ ಮುನ್ನೂರೈವತ್ತಕ್ಕೆ ಸಿಗುತ್ತಿತ್ತು. ಈ ದುಬಾರಿ ದೀಪ ಕೆಂಪು, ಕಿತ್ತಳೆ ಮತ್ತು ನಸುಗೆಂಪು ಮಡಿಗಳಿಗೆ ಮಾತ್ರ ಸಾಕು. ಬಿಳಿ ಸೇವಂತಿಗೆಗೂ ನೀಲಿ ಆಸ್ಟರ್‌ಗೂ 4000 ಕೆಲ್ವಿನ್‌ನ ಸಾಮಾನ್ಯ ದೀಪವೇ ನಡೆಯುತ್ತದೆ. 2700ರ ಹಳದಿ ಬೆಳಕಿನಲ್ಲಿ ನೀಲಿ ಹೂವು ಬೂದಿಯಾಗುತ್ತದೆ.

ಬಣ್ಣ ಬದಲಿಸುವ ದೀಪಗಳ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಚೆಂಡುಹೂವಿನ ಮೇಲೆ ನೀಲಿ ಬೆಳಕು ಬಿಟ್ಟರೆ ಅದು ಹಿಂದಿರುಗಿಸಲು ಅದರಲ್ಲಿ ನೀಲಿಯೇ ಇಲ್ಲ. ತಿಂಗಳುಗಟ್ಟಲೆ ಬೆಳೆಸಿದ ಹೂವನ್ನು ಮಾಲಿಯ ಕಣ್ಣೆದುರೇ ಕಪ್ಪಾಗಿಸಿದಂತಾಗುತ್ತದೆ.

ಇನ್ನು ದೀಪ ಇಡುವ ಜಾಗ. ಲಾಲ್‌ಬಾಗ್‌ನಲ್ಲಿ 1889ರಲ್ಲಿ ಕಟ್ಟಲು ಶುರುವಾದ ಗಾಜಿನ ಮನೆಯಲ್ಲಿ ಹೂವಿನ ಮೇಲೆ ಬೀಳುವುದು ಮೇಲಿನಿಂದ ಸೋಸಿ ಬರುವ ಹಗಲ ಬೆಳಕು. ನಮ್ಮ ಮಾಲಿಗಳ ಮೆಟ್ಟಿಲು ಜೋಡಣೆಯೆಲ್ಲ ಆ ಬೆಳಕಿಗೆ ಒಗ್ಗಿದ್ದು. ಅದೇ ಜೋಡಣೆಗೆ ರಾತ್ರಿ ಕಂಬದ ಮೇಲಿಂದ ಹ್ಯಾಲೋಜನ್ ಸುರಿದರೆ ಹೂವೆಲ್ಲ ಒಂದೇ ಚಪ್ಪಟೆ ಹಾಸಾಗುತ್ತದೆ. ಹತ್ತಿರ ಇಟ್ಟರೆ ಪೆಟೂನಿಯಾದ ಎಸಳು ಮೂರನೆಯ ದಿನಕ್ಕೆ ಅಂಚಿನಲ್ಲಿ ಸುಟ್ಟಿರುತ್ತದೆ. ನಾನು ದೀಪಗಳನ್ನು ಮೆಟ್ಟಿಲ ಅಂಚಿನ ಅಡಿಯಲ್ಲಿ, ನೆಲಮಟ್ಟದಲ್ಲಿ ಕೂರಿಸಿದೆ. ತೆಳು ಎಸಳಿನ ಪೆಟೂನಿಯಾ, ದಾಸವಾಳ, ಕನ್ನಾಗಳಿಗೆ ಹಿಂದಿನಿಂದ ಬೆಳಕು ಕೊಟ್ಟರೆ ಎಸಳೇ ದೀಪವಾಗುತ್ತದೆ. ಚೆಂಡುಹೂ ಮತ್ತು ಕೋಳಿಜುಟ್ಟು ದಪ್ಪವಾಗಿದ್ದು ಬೆಳಕನ್ನು ಹಾಯಗೊಡುವುದಿಲ್ಲ. ಅವುಗಳಿಗೆ ಪಕ್ಕದಿಂದ, ಸುಮಾರು 30 ಡಿಗ್ರಿಯಲ್ಲಿ ಬರಬೇಕು. ಹಿಂಬೆಳಕಿನ ದೊಡ್ಡ ತೊಂದರೆಯೆಂದರೆ ಅದು ನೋಡುವವರ ಕಣ್ಣಿಗೇ ಹೊಡೆಯುತ್ತದೆ. ನಿಂತು ಪರೀಕ್ಷಿಸಿದರೆ ಸಾಲದು, ಮೂರಡಿ ಎತ್ತರದ ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತು ಪ್ರತಿ ಸಾಲನ್ನೂ ನೋಡಬೇಕು. ಬೆಳಕು ಕಣ್ಣಿಗೆ ಹೊಡೆಯದಂತೆ ದೀಪಗಳ ಮರೆಗೆ ಹಾಕಿದ ಮುಸುಕನ್ನು ಯಾವ ವಸ್ತುವಿನಿಂದ ಮಾಡಿದೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದರಿಂದಲೇ ನನಗೆ ಮುಂದಿನ ಕೆಲಸಗಳು ಬರುತ್ತಿವೆ.

ಕಟ್ಟಡ ಸಂರಕ್ಷಿತವಾಗಿದ್ದರೆ, ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಸೇರಿರಲಿ, ರಾಜ್ಯದ 1961ರ ಕಾಯ್ದೆಗೆ ಸೇರಿರಲಿ, ಗೋಡೆಗೆ ಮೊಳೆ ಹೊಡೆಯುವ ಯೋಚನೆಯನ್ನೇ ಬಿಡಬೇಕು. ನನ್ನ ದೀಪಗಳೆಲ್ಲ ಮರಳು ತುಂಬಿದ ಕುಂಡಗಳಲ್ಲಿ ನಿಂತಿವೆ. ಒಂದು ತಂತಿಯೂ ಕಲ್ಲನ್ನು ಮುಟ್ಟುವುದಿಲ್ಲ. ಜನ ಓಡಾಡುವ ಒದ್ದೆ ನೆಲವಾದ್ದರಿಂದ 24 ವೋಲ್ಟ್ ಡಿಸಿ ಆರಿಸಿಕೊಂಡೆ, ಹಣ ಹೆಚ್ಚು ನುಂಗಿದ್ದೂ ಅದೇ. ಒಂದೂವರೆ ಚದರ ಮಿಲಿಮೀಟರ್ ತಂತಿಯನ್ನು ನಲವತ್ತು ಮೀಟರ್ ಎಳೆದು ನೂರು ವಾಟ್ ಹಾಕಿದಾಗ ಕೊನೆಗೆ ಹತ್ತಿರ ಹತ್ತಿರ ನಾಲ್ಕು ವೋಲ್ಟ್ ಕಳೆದುಹೋಗಿ, ಸಾಲಿನ ತುದಿಯ ಡೇಲಿಯಾಗಳು ಮಬ್ಬಾದವು. ನಾಲ್ಕು ಚದರದ ತಂತಿಗೆ ಬದಲಾಯಿಸಿ, ಸಾಲಿನ ನಡುವಿನಿಂದ ವಿದ್ಯುತ್ ಕೊಟ್ಟ ಮೇಲೆ ಸರಿಹೋಯಿತು. ಆ ಬದಲಾವಣೆಗೆ ಮೂವತ್ತು ಸಾವಿರದ ಮೇಲೆ ಹೋಯಿತು. ಸಂಜೆ ನೀರು ಹಾಕುವ ಪದ್ಧತಿಯಿಂದ 230 ವೋಲ್ಟ್ ಕಡೆಯ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಸರಿಯಾಗಿ ಏಳು ಗಂಟೆಗೆ, ಜನಜಂಗುಳಿಯ ಹೊತ್ತಿಗೆ ಬೀಳುತ್ತಿತ್ತು. ನೀರನ್ನು ಬೆಳಗಿನ ಜಾವಕ್ಕೆ ಹಾಕಿಸಿ, ತಂತಿಯ ಜೋಡಣೆಗಳನ್ನು ಇಟ್ಟಿಗೆಯ ಮೇಲೆ ಎತ್ತಿದ ಮೇಲೆ ಅದು ನಿಂತಿತು.

ಸೇವಂತಿಗೆಯ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ನಮ್ಮ ರೈತರು ರಾತ್ರಿ ಹೊಲದಲ್ಲಿ ಬಲ್ಬು ಉರಿಸಿ ಸೇವಂತಿಗೆಯ ಮೊಗ್ಗನ್ನು ತಡೆದು, ಹಬ್ಬಕ್ಕೆ ಸರಿಯಾಗಿ ಹೂ ಕೊಯ್ಯುವುದು ಎಲ್ಲರಿಗೂ ಗೊತ್ತು. ಪ್ರದರ್ಶನದ ದೀಪವೂ ಅದನ್ನೇ ಮಾಡುತ್ತದೆಯೇ ಎಂದು ತಿಳಿಯಲು, ಇನ್ನೂ ಮೊಗ್ಗು ಕಟ್ಟದ ಕೆಲವು ಕುಂಡಗಳನ್ನು ನನ್ನ ಸಾಲಿನಲ್ಲೂ, ಅದೇ ಬ್ಯಾಚಿನ ಕೆಲವನ್ನು ಕತ್ತಲ ನರ್ಸರಿಯಲ್ಲೂ ಇರಿಸಿದೆ. ನರ್ಸರಿಯವು ಮೊಗ್ಗು ಕಟ್ಟಿದವು. ನನ್ನವು ಎಲೆ ಬಿಡುತ್ತಲೇ ಇದ್ದವು. ಅರಳಿದ ಹೂವಿಗೆ ಇದರಿಂದ ತೊಂದರೆಯಿಲ್ಲ. ಆದ್ದರಿಂದ ಬಣ್ಣ ತೋರಿದ ಕುಂಡವನ್ನು ಮಾತ್ರ ಅಂಗಳಕ್ಕೆ ತರಬೇಕು, ಬದಲಿ ಕುಂಡಗಳನ್ನು ದೀಪ ಕಾಣದ ಕಡೆ ಇಡಬೇಕು. ಪಾನ್‌ಸೆಟಿಯಾಕ್ಕೂ ಇದೇ ಮಾತು. ಸುಗಂಧರಾಜದ ಸಾಲಿಗೆ ಇನ್ನೊಂದು ಪ್ರಯೋಗವಾಗಿ ದೀಪವನ್ನೇ ಹಾಕಲಿಲ್ಲ. ಪಕ್ಕದ ಮಡಿಯಿಂದ ಚೆಲ್ಲಿದ ಬೆಳಕೇ ಆ ಬಿಳುಪಿಗೆ ಸಾಕಾಯಿತು, ಮತ್ತು ಜನ ವಾಸನೆ ಹಿಡಿದು ಅಲ್ಲಿಗೆ ತಾವಾಗಿಯೇ ನಡೆದರು.

ಮೊಬೈಲ್ ವಿಡಿಯೋದಲ್ಲಿ ಕಪ್ಪು ಪಟ್ಟಿಗಳು ಓಡುತ್ತವೆಂಬ ದೂರು ಮೊದಲ ವಾರವೇ ಬಂತು. ಅಗ್ಗದ ಡಿಮ್ಮರ್‌ಗಳು ದೀಪವನ್ನು ನಿಧಾನ ವೇಗದಲ್ಲಿ ಹಚ್ಚಿ ಆರಿಸುವುದೇ ಇದಕ್ಕೆ ಕಾರಣ. ಡಿಮ್ಮರ್‌ಗಳನ್ನು ಕಿತ್ತು, ಬೆಳಕು ಹೆಚ್ಚಾದ ಕಡೆ ದೀಪದ ಸಂಖ್ಯೆಯನ್ನೇ ಇಳಿಸಿದೆ.

ಲೆಕ್ಕವನ್ನು ನೆನಪಿನಿಂದ ಹೇಳುವುದಾದರೆ, ಹಿಂದೆ ಜನರೇಟರ್ ಬಾಡಿಗೆ, ಡೀಸೆಲ್, ಹ್ಯಾಲೋಜನ್ ಬಾಡಿಗೆ ಸೇರಿ ಹತ್ತು ದಿನಕ್ಕೆ ಎರಡು ಲಕ್ಷದ ಹತ್ತಿರ ಹೋಗುತ್ತಿತ್ತು. ನನ್ನ ಇನ್ನೂರ ಚಿಲ್ಲರೆ ದೀಪ, ತಂತಿ, ಎಸ್‌ಎಂಪಿಎಸ್ (230 ವೋಲ್ಟನ್ನು 24 ವೋಲ್ಟ್ ಡಿಸಿಗೆ ಇಳಿಸುವ ಪೆಟ್ಟಿಗೆ), ಮುಸುಕು, ಕೂಲಿ ಎಲ್ಲ ಸೇರಿ ಮೂರೂವರೆ ಲಕ್ಷ. ಹಾಕಿದ ಹಣ ಎರಡನೆಯ ಋತುವಿನಲ್ಲೇ ಹುಟ್ಟಿತು. ದೀಪಗಳು ಸಮಿತಿಯದೇ ಆಸ್ತಿಯಾಗಿ ಉಗ್ರಾಣದಲ್ಲಿವೆ. ಹತ್ತು ಹನ್ನೆರಡು ದೀಪಗಳ ಗಾಜಿನೊಳಗೆ ಮಂಜಿನ ತೇವ ಸೇರಿದೆ; ಐಪಿ65 (ದೂಳು, ನೀರು ತಡೆಯುವ ದರ್ಜೆ) ಎಂದು ಬರೆದಿದ್ದರೂ ತಂತಿ ಒಳಹೋಗುವ ಗ್ಲ್ಯಾಂಡ್ ಸಡಿಲವಾದರೆ ಆ ಬರಹದಿಂದ ಪ್ರಯೋಜನವಿಲ್ಲ. ಈ ಸಲ ಬಿಚ್ಚಿ ಒಣಗಿಸಿ, ಹೊಸ ಗ್ಲ್ಯಾಂಡ್ ಹಾಕಿ, ನೆಲಕ್ಕೆ ತಾಗುವ ಸಾಲಿಗೆ ಮಾತ್ರ ಐಪಿ67ರ ದೀಪ ತರಿಸುತ್ತಿದ್ದೇನೆ.