ನಗರದ ಅಂಚಿನ ವೊಂಬ್ಯಾಟ್: ಮೊದಲು ಹಿಕ್ಕೆ, ಆಮೇಲೆ ಕ್ಯಾಮೆರಾ

ವೊಂಬ್ಯಾಟ್ ಎಂದರೆ ಬಿಲ ತೋಡಿ ಬದುಕುವ, ಹುಲ್ಲು ಮೇಯುವ, ಕಾಂಗರೂವಿನಂತೆ ಹೊಟ್ಟೆಚೀಲವಿರುವ ಆಸ್ಟ್ರೇಲಿಯಾದ ಪ್ರಾಣಿ. ಮೆಲ್ಬರ್ನ್‌ನ ಈಶಾನ್ಯ ಅಂಚಿನಲ್ಲಿ, ಯಾರಾ ನದಿ ವಾರಂಡೈಟ್ ದಾಟಿ ಊರೊಳಗೆ ಇಳಿಯುವ ಕಡೆ, 'ರಾತ್ರಿ ವೊಂಬ್ಯಾಟ್ ರಸ್ತೆ ದಾಟಿತು' ಎಂಬ ಸುದ್ದಿ ಆಗೀಗ ಕಿವಿಗೆ ಬೀಳುತ್ತದೆ. ನಗರದಿಂದ ಇನ್ನೂ ಆಚೆಯ ಹೀಲ್ಸ್‌ವಿಲ್ ಕಡೆಯವರಿಗೆ ಇದೇನೂ ಸುದ್ದಿಯಲ್ಲ. ಮನೆಗಳ ಸಾಲು ಮುಗಿಯುವ ಜಾಗದಲ್ಲಿ ಮಾತ್ರ ಅಪರೂಪ. ಹಾಗಾಗಿ ಖಚಿತಪಡಿಸಿಕೊಳ್ಳದೆ ದಾಖಲೆ ಮಾಡಬಾರದು.

ನಾನು ಮೊದಲು ನೋಡುವುದು ಹಿಕ್ಕೆಯನ್ನು. ಬಿಲವನ್ನು ನೆಚ್ಚಿಕೊಳ್ಳುವಂತಿಲ್ಲ. ತೋಡಿದ ಪ್ರಾಣಿ ಹೋಗಿ ವರ್ಷಗಳಾದರೂ ಬಿಲ ಹಾಗೇ ಇರುತ್ತದೆ, ಕೆಂಪು ನರಿಯೋ ಮೊಲವೋ ಬಂದು ಸೇರಿಕೊಂಡಿರುತ್ತದೆ. ಹಿಕ್ಕೆಯ ವಿಷಯದಲ್ಲಿ ಅಂಥ ಗೊಂದಲ ಕಡಿಮೆ: ಸುಮಾರು 2 ಸೆಂ.ಮೀ. ಅಳತೆಯ, ಮೂಲೆಗಳು ಎದ್ದು ಕಾಣುವ ಘನಾಕಾರದ ಉಂಡೆಗಳು, ಒಂದು ಕಡೆ ನಾಲ್ಕರಿಂದ ಎಂಟು. ಕರುಳಿನ ಕೊನೆಯ ಭಾಗದ ಗೋಡೆ ಒಂದೇ ಸಮನಾಗಿಲ್ಲ, ಕೆಲವು ಕಡೆ ಬಿಗಿ, ಕೆಲವು ಕಡೆ ಸಡಿಲ. ಅಲ್ಲಿ ನೀರು ಹಿಂಗುತ್ತಾ ಹೋದಂತೆ ಮೂಲೆಗಳು ಮೂಡುತ್ತವೆ. ಇದನ್ನು ಕಂಡುಕೊಂಡ ಸಂಶೋಧನೆಗೆ 2019ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಕೂಡ ಬಂತು. ಮಳೆಗಾಲದ ಎಳೆ ಹುಲ್ಲು ತಿಂದಾಗ ನೀರಿನಂಶ ಹೆಚ್ಚಿ ಮೂಲೆಗಳು ಮೊಂಡಾಗುತ್ತವೆ. ಆಗ ಆಕಾರಕ್ಕಿಂತ ಜಾಗವನ್ನು ನೋಡಬೇಕು. ಕಾಂಗರೂ ಮೇಯುತ್ತಾ ಹೋದಲ್ಲೆಲ್ಲ ಚೆಲ್ಲುತ್ತದೆ. ವೊಂಬ್ಯಾಟ್ ಕಲ್ಲು, ಬಿದ್ದ ಮರದ ದಿಮ್ಮಿ, ಹುಲ್ಲಿನ ದಿಬ್ಬ ಹುಡುಕಿ ಅದರ ಮೇಲೆ ಇಡುತ್ತದೆ. ನರಿಯದು ತಿರುಚಿಕೊಂಡು ತುದಿ ಚೂಪಾಗಿರುತ್ತದೆ, ಒಳಗೆ ಕೂದಲು, ಮೂಳೆಚೂರು. ಹೊಸ ಹಿಕ್ಕೆ ಕಡುಗಂದು ಬಣ್ಣದ್ದು, ಮೇಲೆ ಲೋಳೆಯ ಹೊಳಪು. ಬಿಳಿಚಿಕೊಂಡು ಒಡೆದರೆ ಬರೀ ಹುಲ್ಲಿನ ನಾರು ಉದುರಿತೆಂದರೆ ಹಳೆಯದು. ಫೋಟೊ ತೆಗೆಯುವಾಗ ಪಕ್ಕದಲ್ಲಿ 50 ಸೆಂಟ್ ನಾಣ್ಯ ಇಡಿ, ಅಳತೆ ಸಿಗುತ್ತದೆ.

ಹೊಸ ಹಿಕ್ಕೆ ಸಿಕ್ಕಿತೆಂದರೆ ಆ ಸುತ್ತಿನ ತೊರೆದಂಡೆಗಳಲ್ಲಿ ಬಿಲ ಹುಡುಕಬಹುದು. ಬಾಯಿ 30ರಿಂದ 50 ಸೆಂ.ಮೀ. ಅಗಲ, ಮೇಲೆ ಕಮಾನು, ತಳ ಚಪ್ಪಟೆ. ಮುಂದೆ ಅಗೆದ ಮಣ್ಣಿನ ರಾಶಿ. ಬಾಯಿಗೆ ಜೇಡರ ಬಲೆ ಕಟ್ಟಿದ್ದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ಇಲ್ಲದಿದ್ದರೆ ಸಂಜೆ ಬೆರಳಿಗಿಂತ ತೆಳ್ಳಗಿನ ಮೂರ್ನಾಲ್ಕು ಒಣಕಡ್ಡಿಗಳನ್ನು ಬಾಯಿಗೆ ಅಡ್ಡಲಾಗಿ ನೆಟ್ಟಗೆ ಚುಚ್ಚಿ, ನಡುವೆ ಮೊಲ ಹಿಡಿಸುವಷ್ಟು ಸಂದಿ ಬಿಡಿ. ಮೊಲ ಸಂದಿಯಲ್ಲಿ ನುಸುಳಿ ಹೋಗುತ್ತದೆ, 20–35 ಕೆ.ಜಿ. ತೂಗುವ ವೊಂಬ್ಯಾಟ್ ಕೆಡವಿಕೊಂಡೇ ಹೋಗಬೇಕು. ಬೆಳಗ್ಗೆ ಕಡ್ಡಿ ಹಾಗೇ ನಿಂತಿದ್ದರೆ ಬಿಲ ಖಾಲಿ ಎಂದು ತೀರ್ಮಾನಿಸಬೇಡಿ. ಒಂದೇ ಪ್ರಾಣಿ ಹಲವು ಬಿಲಗಳನ್ನು ಸರದಿಯಲ್ಲಿ ಬಳಸುತ್ತದೆ, ಐದಾರು ರಾತ್ರಿಯಾದರೂ ನೋಡಬೇಕು.

ಕ್ಯಾಮೆರಾ ಕಟ್ಟುವುದು ಇದೆಲ್ಲ ಆದ ಮೇಲೆ. ಖಾಸಗಿ ಜಮೀನಾದರೆ ಮಾಲೀಕರ, ಉದ್ಯಾನವಾದರೆ ಅದನ್ನು ನೋಡಿಕೊಳ್ಳುವವರ ಒಪ್ಪಿಗೆ ಬೇಕು. ಕ್ಯಾಮೆರಾ ಬಿಲದ ಬಾಯಿಂದ 3–4 ಮೀಟರ್ ದೂರ, ನೆಲದಿಂದ 40–50 ಸೆಂ.ಮೀ. ಎತ್ತರ, ಕಾಲುದಾರಿಗೆ ಓರೆಯಾಗಿ. ನೇರ ಬಿಲದ ಬಾಯಿಗೇ ಗುರಿಯಿಟ್ಟರೆ ಪ್ರಾಣಿ ಕ್ಯಾಮೆರಾದತ್ತಲೇ ನಡೆದು ಬರುತ್ತದೆ. ಸೆನ್ಸರ್ ಅಡ್ಡ ಹಾಯುವ ಶಾಖವನ್ನು ಬೇಗ ಗುರುತಿಸುತ್ತದೆ, ಎದುರು ಬರುವುದನ್ನು ತಡವಾಗಿ. ಬಂಡೀಪುರ, ನಾಗರಹೊಳೆಯ ಕಡೆ ಕ್ಯಾಮೆರಾ ಕಟ್ಟಿ ರೂಢಿಯಿದ್ದವರು ಇಲ್ಲಿ ಒಂದು ವಿಷಯ ತಿರುಗಿಸಿಕೊಳ್ಳಬೇಕು: ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ, ಲೆನ್ಸ್ ದಕ್ಷಿಣಕ್ಕಿರಲಿ. ಬೆಳ್ಳಗೆ ಮಿಂಚುವ ಫ್ಲ್ಯಾಷ್ ಬೇಡ, ಇನ್‌ಫ್ರಾರೆಡ್ ಸಾಕು. ಒಂದು ಸಲಕ್ಕೆ ಮೂರು ಫೋಟೊ. ಲೆನ್ಸ್ ಮುಂದೆ ಹುಲ್ಲು ಆಡುತ್ತಿದ್ದರೆ ಕಾರ್ಡ್ ತುಂಬ ಹುಲ್ಲಿನದೇ ಫೋಟೊ. ಉದ್ಯಾನದಲ್ಲಿ ಹುಲ್ಲು ಕೊಯ್ಯುವಂತಿಲ್ಲ, ಜಾಗವನ್ನೇ ಬದಲಿಸಿ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಕ್ಯಾಮೆರಾವನ್ನು ವರ್ಷವಿಡೀ ಸ್ಟ್ಯಾಂಡರ್ಡ್ ಟೈಮ್‌ನಲ್ಲೇ ಬಿಡುತ್ತೇನೆ. ಇಲ್ಲಿನ ಚಳಿಗಾಲ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಫಲಿತಾಂಶ ಚೆನ್ನ: ಪ್ರಾಣಿ ಬೇಗ ಹೊರಬರುತ್ತದೆ, ತಣ್ಣನೆಯ ನೆಲದ ಮುಂದೆ ಅದರ ಮೈಶಾಖ ಸೆನ್ಸರ್‌ಗೆ ಸ್ಪಷ್ಟ.

ಹಗಲಲ್ಲೇ ವೊಂಬ್ಯಾಟ್ ಕಂಡರೆ ಎಲ್ಲರಿಗೂ ಖುಷಿ. ನನಗೆ ಮೊದಲು ಬರುವುದು ಅನುಮಾನ. ಚಳಿಗಾಲದ ಮಧ್ಯಾಹ್ನ ಬಿಸಿಲು ಕಾಯುವ ಆರೋಗ್ಯವಂತ ಪ್ರಾಣಿಯೂ ಇರುತ್ತದೆ, ಆದರೆ ಹತ್ತಿರ ಹೋದರೆ ಅದು ಓಡಿ ಬಿಲ ಸೇರುತ್ತದೆ. ಸುಡುಬಿಸಿಲಲ್ಲೂ ಮೇಯುತ್ತಾ, ಮನುಷ್ಯರು ಬಂದದ್ದನ್ನೇ ಗಮನಿಸದೆ ನಿಂತಿದ್ದರೆ ಪಕ್ಕೆ, ಕಿವಿ, ಕಣ್ಣಿನ ಸುತ್ತ ನೋಡಿ. ಕೂದಲು ಉದುರಿ ಚರ್ಮ ದಪ್ಪ ಹೊಪ್ಪಳೆಗಟ್ಟಿ ಬಿರಿದಿದ್ದರೆ ಅದು ಸಾರ್ಕಾಪ್ಟಿಕ್ ಕಜ್ಜಿ. ಸಾರ್ಕಾಪ್ಟಿಸ್ ಎಂಬ ಸೂಕ್ಷ್ಮ ಹುಳದಿಂದ ಬರುವ ಇದು ಬಿಲದಿಂದ ಬಿಲಕ್ಕೆ ಹರಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವು ಬಹುತೇಕ ಖಚಿತ. ಬಿಲದ ಬಾಯಿಗೆ ಒಂದು ಫ್ಲ್ಯಾಪ್ ತೂಗುಹಾಕಿ, ಪ್ರಾಣಿ ನುಗ್ಗುವಾಗ ಈ ಹುಳವನ್ನು ಕೊಲ್ಲುವ ಮೋಕ್ಸಿಡೆಕ್ಟಿನ್ ಔಷಧಿ ಬೆನ್ನಿನ ಮೇಲೆ ಸುರಿಯುವಂತೆ ಮಾಡುವ ವಿಧಾನವಿದೆ. ಅದಕ್ಕೆ ಪರವಾನಗಿಯ ನಿಯಮಗಳಿವೆ, ತರಬೇತಿ ಪಡೆದವರೇ ಮಾಡಲಿ. ಫೋಟೊ ತೆಗೆದು, ಜಾಗ ಗುರುತು ಹಾಕಿ ವನ್ಯಜೀವಿ ರಕ್ಷಣಾ ತಂಡಕ್ಕೆ ತಿಳಿಸಿದರೆ ನಿಮ್ಮ ಕೆಲಸ ಆಯಿತು.

ರಸ್ತೆಬದಿಯ ಸತ್ತ ಪ್ರಾಣಿಯೂ ದಾಖಲೆಯೇ. ಹೆಣ್ಣಾದರೆ ಹೊಟ್ಟೆಚೀಲ ನೋಡಿ. ಅದರ ಬಾಯಿ ಹಿಂಗಾಲಿನ ಕಡೆಗಿರುತ್ತದೆ. ಮರಿ ಮೊಲೆತೊಟ್ಟು ಕಚ್ಚಿಕೊಂಡಿದ್ದರೆ ಎಳೆಯಬೇಡಿ, ಬಾಯಿ ಹರಿಯುತ್ತದೆ. ವನ್ಯಜೀವಿ ರಕ್ಷಣಾ ತಂಡಕ್ಕೆ ಫೋನ್ ಮಾಡಿ ಅವರು ಹೇಳಿದಂತೆ ಮಾಡಿ.

ದಾಖಲಿಸಲು ವೆಸ್ಟರ್ನ್ ಸಿಡ್ನಿ ವಿಶ್ವವಿದ್ಯಾಲಯದ ವೊಮ್‌ಸ್ಯಾಟ್ ಎಂಬ ಜಾಲತಾಣ ಇದೆ: ಬದುಕಿದ್ದು, ಸತ್ತದ್ದು, ಬಿಲ, ಕಜ್ಜಿ, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಜನ ತಾವು ಕಂಡ ಜೀವಿಗಳನ್ನು ನಕ್ಷೆಯ ಮೇಲೆ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೂ ಹಾಕುವುದಾದರೆ ಬಿಲದ ಸ್ಥಳವನ್ನು ಮಸುಕಾಗಿಸಿ, ನಾಯಿ ಹಿಡಿದು ನೋಡಲು ಬರುವವರಿಗೆ ದಾರಿ ತೋರಿಸಿದಂತಾಗಬಾರದು. ಹಾಗೆ ಮಸುಕು ಮಾಡಿದಾಗ ಚುಕ್ಕಿ 0.2 ಡಿಗ್ರಿಯ ಚೌಕದೊಳಗೆ ಎಲ್ಲೋ ಒಂದು ಕಡೆ ಬೀಳುತ್ತದೆ, ಅಂದರೆ ಸುಮಾರು 20 ಕಿ.ಮೀ. ಉದ್ದಗಲದಲ್ಲಿ ಎಲ್ಲಿ ಬೇಕಾದರೂ. ನಕ್ಷೆಯಲ್ಲಿ ಶಾಪಿಂಗ್ ಸೆಂಟರ್ ಮೇಲೆ ವೊಂಬ್ಯಾಟ್ ಕುಳಿತಿದ್ದರೆ ಕ್ಯಾಮೆರಾ ಎತ್ತಿಕೊಂಡು ಹೊರಡುವ ಮುನ್ನ ದಾಖಲೆ ತೆರೆದು, ಸ್ಥಳ ಮಸುಕಾಗಿಸಿದ್ದೇ ಎಂದು ನೋಡಿ.