ಎರಡು ಪ್ರೊಸೆಸರ್‌ಗಳ ಕಂಪ್ಯೂಟರಿನಲ್ಲಿ ಕ್ರ್ಯಾಶ್‌ನ ಮೂಲ ಹುಡುಕಿದ ಬಗೆ

ಕನ್ನಡ ಪಠ್ಯಗಳ ಕಡತಗಳಲ್ಲಿ ಯಾವ ಪದ ಎಷ್ಟು ಬಾರಿ ಬಂದಿದೆ ಎಂದು ಎಣಿಸಲು ನಾನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದುಕೊಂಡಿದ್ದ ಪ್ರೋಗ್ರಾಮು, ಒಂದೇ ಕೋರ್‌ನ (ಪ್ರೊಸೆಸರಿನೊಳಗೆ ಆದೇಶಗಳನ್ನು ನಡೆಸುವ ಘಟಕ) ಹಳೆಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಯಾವ ತೊಂದರೆಯೂ ಇಲ್ಲದೆ ನಡೆದಿತ್ತು. ಎಂಟೆಂಟು ಕೋರ್‌ಗಳ ಎರಡು ಪ್ರೊಸೆಸರ್ ಇರುವ ಲಿನಕ್ಸ್ ಯಂತ್ರಕ್ಕೆ ಅದನ್ನು ಸಾಗಿಸಿದ ಮೇಲೆ ನಾಲ್ಕು ಸಲ ಓಡಿಸಿದರೆ ಒಂದು ಸಲವಾದರೂ ಕ್ರ್ಯಾಶ್ ಆಗತೊಡಗಿತು. ಅದೂ ಪ್ರತಿ ಸಲ ಬೇರೆ ಬೇರೆ ಕಡತದಲ್ಲಿ.

ಯಂತ್ರ ಹೊಸದಾದ್ದರಿಂದ ಮೊದಲ ಅನುಮಾನ ಅದರ ಮೇಲೆಯೇ ಬಂತು. ರಾತ್ರಿಯಿಡೀ ಮೆಮ್‌ಟೆಸ್ಟ್ ನಡೆಸಿದರೂ ರ‍್ಯಾಮ್‌ನಲ್ಲಿ ದೋಷ ಕಾಣಲಿಲ್ಲ, ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಲಾಗ್‌ನಲ್ಲಿಯೂ ಹಾರ್ಡ್‌ವೇರ್ ದೋಷದ ಸುಳಿವಿರಲಿಲ್ಲ. ಆಮೇಲೆ ಟಾಸ್ಕ್‌ಸೆಟ್ ಆದೇಶ ಕೊಟ್ಟು ಪ್ರೋಗ್ರಾಮನ್ನು ಮೊದಲ ಪ್ರೊಸೆಸರಿನ ಒಂದೇ ಕೋರ್‌ಗೆ ಕಟ್ಟಿಹಾಕಿದೆ, ಕ್ರ್ಯಾಶ್ ನಿಂತುಹೋಯಿತು. ಹಾಗಾದರೆ ಎರಡನೆಯ ಪ್ರೊಸೆಸರೇ ಕೆಟ್ಟಿದೆ ಎಂದು ಇಲ್ಲಿ ತೀರ್ಮಾನಿಸಿಬಿಡುವುದು ಬಹಳ ಸುಲಭ, ಮತ್ತು ಆ ತೀರ್ಮಾನ ತಪ್ಪು. ಯಾವ ಕೋರ್ ಯಾವ ಪ್ರೊಸೆಸರಿಗೆ ಸೇರಿದ್ದು ಎಂಬುದನ್ನು ಎಲ್‌ಎಸ್‌ಸಿಪಿಯು ಆದೇಶದಿಂದ ತಿಳಿದುಕೊಂಡು, ಎರಡನೆಯ ಪ್ರೊಸೆಸರಿನ ಒಂದೇ ಕೋರ್‌ನಲ್ಲಿ ಓಡಿಸಿದಾಗಲೂ ಕ್ರ್ಯಾಶ್ ಆಗಲಿಲ್ಲ. ಮೊದಲ ಪ್ರೊಸೆಸರಿನದೇ ಎರಡು ಕೋರ್‌ಗಳನ್ನು ಬಳಸಲು ಬಿಟ್ಟಾಗ ಕ್ರ್ಯಾಶ್ ಆಯಿತು. ದೋಷ ಯಾವ ಪ್ರೊಸೆಸರಿನಲ್ಲಿಯೂ ಇರಲಿಲ್ಲ; ಪ್ರೋಗ್ರಾಮು ತನ್ನ ಕೆಲಸವನ್ನು ಹಂಚಿಕೊಟ್ಟಿದ್ದ ಥ್ರೆಡ್‌ಗಳಲ್ಲಿ (ಜೊತೆಜೊತೆಗೆ ಸಾಗುವ ಕೆಲಸದ ಎಳೆಗಳಲ್ಲಿ) ಎರಡು ನಿಜವಾಗಿ ಏಕಕಾಲಕ್ಕೆ ನಡೆದಾಗ ಮಾತ್ರ ಅದು ಹೊರಬೀಳುತ್ತಿತ್ತು.

ಕ್ರ್ಯಾಶ್ ಆದ ಕ್ಷಣದ ಮೆಮೊರಿಯ ಪ್ರತಿಯಾದ ಕೋರ್ ಡಂಪನ್ನು ತೆರೆದು, ದೋಷ ಹುಡುಕುವ ಸಾಧನವಾದ ಜಿಡಿಬಿಯಲ್ಲಿ ಎಲ್ಲ ಥ್ರೆಡ್‌ಗಳ ಕರೆಗಳ ಸರಣಿಯನ್ನು ನೋಡಿದೆ. ಕ್ರ್ಯಾಶ್ ಆದ ಜಾಗ ಒಮ್ಮೆ ಮೆಮೊರಿ ಬಿಡುಗಡೆ ಮಾಡುವ ಫಂಕ್ಷನ್, ಇನ್ನೊಮ್ಮೆ ಪದದ ಹೋಲಿಕೆ. ಇವು ಪೆಟ್ಟು ಕಾಣಿಸಿಕೊಂಡ ಜಾಗಗಳೇ ಹೊರತು ಪೆಟ್ಟು ಬಿದ್ದ ಜಾಗಗಳಲ್ಲ. ಅಲ್ಲಲ್ಲಿ ಪ್ರಿಂಟ್ ಸಾಲುಗಳನ್ನು ಸೇರಿಸಿದರೆ ಕ್ರ್ಯಾಶೇ ಮಾಯವಾಗುತ್ತಿತ್ತು, ಏಕೆಂದರೆ ಆ ಸಾಲುಗಳು ಥ್ರೆಡ್‌ಗಳ ಸಮಯದ ಲೆಕ್ಕವನ್ನೇ ಬದಲಿಸುತ್ತಿದ್ದವು.

ಕೊನೆಗೆ, ಥ್ರೆಡ್‌ಗಳು ಒಂದೇ ಮೆಮೊರಿಯನ್ನು ಅಸುರಕ್ಷಿತವಾಗಿ ಮುಟ್ಟುವುದನ್ನು ಪತ್ತೆಹಚ್ಚುವ, ಜಿಸಿಸಿ ಕಂಪೈಲರಿನ ಥ್ರೆಡ್ ಸ್ಯಾನಿಟೈಸರ್ ಆಯ್ಕೆಯನ್ನು ಬಳಸಿ ಇಡೀ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಿದೆ. ಅದರಿಂದ ಓಟ ಸಾಮಾನ್ಯವಾಗಿ 5ರಿಂದ 15 ಪಟ್ಟು ನಿಧಾನವಾಗುತ್ತದೆ, ಮೆಮೊರಿಯೂ 5ರಿಂದ 10 ಪಟ್ಟು ಬೇಕಾಗುತ್ತದೆ. ಆದ್ದರಿಂದ ಸಣ್ಣ ಕಡತಗಳನ್ನು ಮಾತ್ರ ಕೊಟ್ಟೆ. ಮೊದಲ ಓಟದಲ್ಲಿಯೇ ಅದು ಪ್ರೋಗ್ರಾಮಿನಲ್ಲಿ ಒಂದಕ್ಕೊಂದು ಅಡ್ಡಬರುವ ಎರಡು ಸಾಲುಗಳನ್ನು ತೋರಿಸಿತು. ಎಲ್ಲ ಥ್ರೆಡ್‌ಗಳೂ ಹಂಚಿಕೊಂಡಿದ್ದ, ಪದಗಳನ್ನೂ ಅವುಗಳ ಎಣಿಕೆಯನ್ನೂ ಇಡುವ ಹ್ಯಾಶ್ ಕೋಷ್ಟಕಕ್ಕೆ ಬರೆಯುವಾಗ ನಾನು ಲಾಕ್ (ಒಂದು ಬಾರಿಗೆ ಒಂದೇ ಥ್ರೆಡ್ ಒಳಬರುವಂತೆ ತಡೆಯುವ ಬೀಗ) ಹಾಕಿದ್ದೆ, ಆದರೆ ಓದುವುದರಿಂದ ಏನೂ ಬದಲಾಗುವುದಿಲ್ಲವೆಂಬ ನಂಬಿಕೆಯಲ್ಲಿ ಓದುವ ಕಡೆ ಹಾಕಿರಲಿಲ್ಲ. ಕೋಷ್ಟಕ ತುಂಬಿದಾಗ ಅದು ದೊಡ್ಡ ಜಾಗಕ್ಕೆ ಮರುಹಂಚಿಕೆಯಾಗಿ ಹಳೆಯ ಜಾಗವನ್ನು ಬಿಟ್ಟುಕೊಡುತ್ತದೆ. ಅದೇ ಕ್ಷಣ ಇನ್ನೊಂದು ಕೋರ್‌ನಲ್ಲಿರುವ ಥ್ರೆಡ್ ಆ ಹಳೆಯ ಜಾಗವನ್ನೇ ಓದುತ್ತಿರುತ್ತದೆ. ಒಂದೇ ಕೋರ್ ಇದ್ದಾಗಲೂ ಈ ತಪ್ಪು ಇದ್ದೇ ಇತ್ತು, ಆದರೆ ಸರಿಯಾಗಿ ಆ ಗಳಿಗೆಯಲ್ಲಿ ಥ್ರೆಡ್ ಬದಲಾಗುವುದು ತೀರ ಅಪರೂಪವಾಗಿತ್ತು.

ಓದುವ ಕಡೆಯೂ ಲಾಕ್ ಹಾಕಿದಾಗ ಕ್ರ್ಯಾಶ್ ನಿಂತಿತಾದರೂ ಥ್ರೆಡ್‌ಗಳು ಒಂದಕ್ಕೊಂದು ಕಾಯುತ್ತ ನಿಂತು ಹದಿನಾರು ಕೋರ್‌ಗಳಿದ್ದೂ ಕೆಲಸ ಕುಂಟಿತು. ಆದ್ದರಿಂದ ಪ್ರತಿ ಥ್ರೆಡ್‌ಗೂ ಅದರದೇ ಕೋಷ್ಟಕ ಕೊಟ್ಟು ಕೊನೆಯಲ್ಲಿ ಎಲ್ಲವನ್ನೂ ಕೂಡಿಸುವಂತೆ ಬದಲಿಸಿದೆ. ಬಳಿಕ 64 ಥ್ರೆಡ್‌ಗಳೊಂದಿಗೆ 200 ಸಲ ಓಡಿಸಿದರೂ ಅದು ಒಮ್ಮೆಯೂ ಬೀಳಲಿಲ್ಲ. ಪರೀಕ್ಷೆಯೇ ಸಡಿಲವಾಗಿರಬಹುದೆಂಬ ಅನುಮಾನ ಉಳಿಯಬಾರದೆಂದು, ತಿದ್ದದ ಹಳೆಯ ಪ್ರತಿಯನ್ನೂ ಅದೇ ಬಗೆಯಲ್ಲಿ ಓಡಿಸಿದೆ. ಅದು ಮೂರನೆಯ ಸಲವೇ ಬಿತ್ತು.